ಫೈರ್‌ಫಾಕ್ಸ್‌ನಲ್ಲಿ ರಸ್ಟ್ ಭಾಷೆ: ‘ಪುನರ್ನಿರ್ಮಾಣ’ವೆಂಬ ಮಾತಿನ ಪರಿಶೀಲನೆ

ಫೈರ್‌ಫಾಕ್ಸ್ ಎಂಬ ಬ್ರೌಸರಿನ ಚರಿತ್ರೆಯನ್ನು ನಿರೂಪಿಸುವವರು ೨೦೧೭ನೆಯ ಇಸವಿಯ ನವೆಂಬರ್ ತಿಂಗಳನ್ನು ಒಂದು ಯುಗಸಂಧಿಯೆಂದು ಎಣಿಸುವುದು ವಾಡಿಕೆಯಾಗಿದೆ. ‘ಕ್ವಾಂಟಮ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ೫೭ನೆಯ ಆವೃತ್ತಿ ಹೊರಬಂದದ್ದು ಆಗಲೇ. ಪುಟಗಳ ಬಣ್ಣ, ಅಳತೆ, ಅಕ್ಷರರೂಪಗಳನ್ನು ಗಣಿಸುವ ಹಳೆಯ ಸಿ++ ಭಾಗವನ್ನು ತೆಗೆದು, ಅದರ ಸ್ಥಾನದಲ್ಲಿ ರಸ್ಟ್ ಭಾಷೆಯಲ್ಲಿ ಬರೆದ ‘ಸ್ಟೈಲೊ’ ಎಂಬ ಭಾಗವನ್ನು ಕೂಡಿಸಲಾಯಿತು. ಹಳೆಯದು ಅಳಿಯಿತು, ಹೊಸದು ತಲೆಯೆತ್ತಿತು ಎಂಬುದು ಈ ನಿರೂಪಣೆಯ ಸಾರ. ರಾಜವಂಶಗಳ ಚರಿತ್ರೆಯಲ್ಲಿ ನಾವು ಎಷ್ಟೋ ಸಲ ಕಂಡು ಕೈಬಿಟ್ಟಿರುವ ಈ ಬಗೆಯ ನಿರೂಪಣೆ, ಯಂತ್ರಗಳ ಚರಿತ್ರೆಯಲ್ಲಿ ಇನ್ನೂ ಪ್ರಶ್ನೆಗೆ ಒಳಗಾಗದೆ ನಡೆದುಬರುತ್ತಿದೆ. ಅದು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ಇಲ್ಲಿ ವಿಚಾರಿಸಿದೆ.

ಮೊದಲು ವಿಷಯದ ಸ್ವರೂಪ. ಸಿ ಮತ್ತು ಸಿ++ ಭಾಷೆಗಳಲ್ಲಿ ಬರೆಯುವವನು ಯಂತ್ರದ ಮೆಮೊರಿಯಲ್ಲಿ ತನಗೆ ಬೇಕಾದ ಸ್ಥಳವನ್ನು ತಾನೇ ಪಡೆದು, ಕೆಲಸ ಮುಗಿದ ಮೇಲೆ ತಾನೇ ಹಿಂದಿರುಗಿಸಬೇಕು. ಹಿಂದಿರುಗಿಸಿದ ಸ್ಥಳವನ್ನು ಮರೆತು ಮತ್ತೆ ಬಳಸಿದರೆ, ಅಥವಾ ಎಲ್ಲೆಯನ್ನು ಮೀರಿ ಬರೆದರೆ, ಪರರು ಆ ಬಿರುಕಿನಿಂದ ಒಳನುಗ್ಗಬಹುದು. ಗ್ರೇಡನ್ ಹೋರ್ ಎಂಬಾತನು ೨೦೦೬ರಲ್ಲಿ ಸ್ವಂತ ಕೆಲಸವಾಗಿ ಆರಂಭಿಸಿ, ೨೦೦೯ರಿಂದ ಮೊಜಿಲ್ಲಾ ಸಂಸ್ಥೆಯ ಆಶ್ರಯ ಪಡೆದು, ೨೦೧೫ರ ಮೇ ತಿಂಗಳಿನಲ್ಲಿ ಮೊದಲ ಸ್ಥಿರ ರೂಪವನ್ನು ತಳೆದ ರಸ್ಟ್ ಭಾಷೆ, ಪ್ರತಿಯೊಂದು ಮೌಲ್ಯಕ್ಕೂ ಒಬ್ಬನೇ ಒಡೆಯನನ್ನು ಗೊತ್ತುಮಾಡುತ್ತದೆ. ಉಳಿದವರಿಗೆ ಅದು ಎರವಲು ಮಾತ್ರ. ಈ ಒಡೆತನದ ನಿಯಮಕ್ಕೆ ಭಂಗ ಬಂದ ಪ್ರೋಗ್ರಾಮನ್ನು ಕಂಪೈಲರ್ ಒಪ್ಪುವುದೇ ಇಲ್ಲ.

ಇನ್ನು ಕಾಲನಿರ್ಣಯ. ರಸ್ಟ್ ಫೈರ್‌ಫಾಕ್ಸ್‌ನೊಳಕ್ಕೆ ಬಂದದ್ದು ೨೦೧೭ರಲ್ಲಲ್ಲ; ೨೦೧೬ರ ಆಗಸ್ಟ್ ತಿಂಗಳ ೪೮ನೆಯ ಆವೃತ್ತಿಯಲ್ಲಿ. ಬಂದದ್ದಾದರೂ ಏನು? ಎಂಪಿ೪ ವೀಡಿಯೊ ಕಡತಗಳ ತಲೆಬರಹವನ್ನು ಓದಿ ವಿಂಗಡಿಸುವ ಒಂದು ಚಿಕ್ಕ ಭಾಗ. ಅಪರಿಚಿತರು ಕಳುಹಿಸಿದ ಕಡತವನ್ನು ಮೊದಲು ಮುಟ್ಟುವುದು ಅದೇ ಆದುದರಿಂದ ಅಪಾಯವಿದ್ದದ್ದು ಅಲ್ಲಿ. ಅಲ್ಲದೆ, ಉಳಿದ ಕೋಡಿನೊಡನೆ ಅದರ ಸಂಪರ್ಕ ಬಹಳ ಸಂಕುಚಿತವಾದದ್ದು. ಹಳೆಯ ಸಿ++ ಭಾಗದ ಪಕ್ಕದಲ್ಲಿಯೇ ಅದನ್ನು ನಡೆಸಿ, ಎರಡನ್ನೂ ಹೋಲಿಸಿ ನೋಡಿದರು. ಬಿಡುಗಡೆಗೆ ಮುಂಚಿನ ಪರೀಕ್ಷೆಗಳಲ್ಲಿಯೇ ನೂರು ಕೋಟಿಗೂ ಮಿಗಿಲಾದ ಸಲ ಅದು ದೋಷವಿಲ್ಲದೆ ನಡೆಯಿತೆಂದು ಸಂಸ್ಥೆ ವರದಿಮಾಡಿತು. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಆರಂಭ ಇದು. ಬಳಸುವವನ ಕಣ್ಣಿಗೆ ಬೀಳದ ಆರಂಭವಾದುದರಿಂದಲೇ ಚರಿತ್ರಕಾರರ ಕಣ್ಣಿಗೂ ಬೀಳಲಿಲ್ಲ.

ಈ ಎಚ್ಚರಿಕೆಗೆ ಹಿನ್ನೆಲೆಯಿದೆ. ಮೊಜಿಲ್ಲಾದ ಮೂಲಸಂಸ್ಥೆಯಾದ ನೆಟ್‌ಸ್ಕೇಪ್ ೧೯೯೮ರಲ್ಲಿ ತನ್ನ ಕೋಡನ್ನು ಲೋಕಕ್ಕೆ ತೆರೆದಿಟ್ಟು, ಅದೇ ವರ್ಷ ಹಳೆಯ ಕಟ್ಟಡವನ್ನು ಕೈಬಿಟ್ಟು ಬುಡದಿಂದ ಕಟ್ಟಲು ತೊಡಗಿತು. ೨೦೦೦ದ ನವೆಂಬರಿನಲ್ಲಿ ನೆಟ್‌ಸ್ಕೇಪ್ ೬ ಹೊರಬಂದಿತು, ಮೊಜಿಲ್ಲಾ ೧.೦ ಸಿದ್ಧವಾದುದು ೨೦೦೨ರ ಜೂನ್ ತಿಂಗಳಿನಲ್ಲಿ. ಅಷ್ಟರೊಳಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ರಾಜ್ಯವನ್ನೇ ಗೆದ್ದುಕೊಂಡಿತ್ತು. ಈ ನೆನಪೇ ೨೦೧೬ರ ಮಿತವ್ಯಯಕ್ಕೆ ಕಾರಣವಾಯಿತೆಂಬುದು ನಮ್ಮ ಊಹೆ. ಊಹೆಯೆಂದೇ ವಾಚಕರು ಗ್ರಹಿಸಬೇಕು. ಆದರೆ ಒಂದೇ ಮನೆತನ ಎರಡು ಸಲ ಒಂದೇ ಪ್ರಶ್ನೆಗೆ ವಿರುದ್ಧವಾದ ಉತ್ತರಗಳನ್ನು ಕೊಟ್ಟಿತೆಂಬುದು ಊಹೆಯಲ್ಲ.

ಈಗ ಸ್ಟೈಲೊವಿಗೆ ಬರೋಣ. ರಸ್ಟ್ ಮತ್ತು ಸಿ++ ಪರಸ್ಪರ ನೇರವಾಗಿ ಮಾತನಾಡಲಾರವು. ಎರಡಕ್ಕೂ ತಿಳಿದಿರುವ ಸಿ ಭಾಷೆಯ ಕರೆಯುವ ಕ್ರಮವೇ ಇಬ್ಬರ ನಡುವಣ ದುಭಾಷಿ. ಆ ದುಭಾಷಿಗೆ ಒಡೆತನ, ಎರವಲು ಎಂಬ ಮಾತುಗಳು ತಿಳಿಯವು. ಎಲ್ಲೆಯನ್ನು ದಾಟಿ ಬಂದ ವಿಳಾಸ ಇನ್ನೂ ಜೀವಂತವಾಗಿದೆಯೇ ಎಂಬುದನ್ನು ಕಂಪೈಲರ್ ಪರೀಕ್ಷಿಸಲಾರದು. ಬರೆದವನೇ ‘ಅನ್‌ಸೇಫ್’ ಎಂಬ ಗುರುತು ಹಾಕಿ ಹೊಣೆ ಹೊರಬೇಕು. ಎಂಪಿ೪ ಭಾಗಕ್ಕೆ ಈ ಗಡಿ ಒಂದು ಕಿರುಬಾಗಿಲಿನಷ್ಟು. ಸ್ಟೈಲೊವಿಗಾದರೋ ಪುಟದ ಸಮಸ್ತ ರಚನಾವೃಕ್ಷವನ್ನೂ ಓದಬೇಕು. ಆ ವೃಕ್ಷದ ಒಡೆತನ ಸಿ++ನಲ್ಲಿಯೇ ಉಳಿದಿದೆ. ಸಿ++ನ ಘೋಷಣೆಗಳನ್ನು ಓದಿ ಅವಕ್ಕೆ ಸರಿಹೊಂದುವ ರಸ್ಟ್ ರೂಪಗಳನ್ನು ತಾನಾಗಿ ಸಿದ್ಧಪಡಿಸುವ ‘ಬೈಂಡ್‌ಜೆನ್’ ಎಂಬ ಸಾಧನ ಇಲ್ಲದಿದ್ದರೆ ಈ ಕೆಲಸ ಕೈಗೂಡುತ್ತಿತ್ತೇ ಎಂಬುದು ಸಂದೇಹ. ಹೀಗಿರುವಾಗ ಇದನ್ನು ಪುನರ್ನಿರ್ಮಾಣವೆನ್ನುವುದು ತಪ್ಪು. ನಮ್ಮಲ್ಲಿ ಜೀರ್ಣೋದ್ಧಾರವೆಂಬ ಒಳ್ಳೆಯ ಮಾತಿದೆ: ಹಳೆಯ ಗರ್ಭಗೃಹ ನಿಂತಲ್ಲಿಯೇ ನಿಂತಿರಲು, ಹೊಸ ಮಂಟಪದ ಭಾರ ಹಳೆಯ ಅಧಿಷ್ಠಾನದ ಮೇಲೆಯೇ ಬೀಳುತ್ತದೆ.

೫೬ನೆಯ ಆವೃತ್ತಿಯಲ್ಲಿ ಬಂದ, ಅಕ್ಷರಸಂಕೇತಗಳನ್ನು ಪರಿವರ್ತಿಸುವ ‘ಎನ್‌ಕೋಡಿಂಗ್_ಆರ್‌ಎಸ್’ ಎಂಬ ಭಾಗ ಇನ್ನೂ ಸ್ವಾರಸ್ಯವಾದುದು. ಅದರ ಕರ್ತೃ ಹೆನ್ರಿ ಸಿವೊನೆನ್ ೨೦೧೮ರ ತನ್ನ ಲೇಖನದಲ್ಲಿ, ತಾನು ಬರೆದದ್ದು ರಸ್ಟ್‌ನಲ್ಲಿರುವ ಒಂದು ಆಧುನಿಕ ಸಿ++ ಲೈಬ್ರರಿ ಎಂದೇ ಕರೆದಿದ್ದಾನೆ. ಸಿ++ನವರಿಗೆ ಅದು ಸಿ++ನಂತೆಯೇ ಕಾಣುವ ಹಾಗೆ ಹೊದಿಕೆ ಹೊದಿಸಿದ್ದಾನೆ. ಹೊಸಬನು ಹಳಬರ ವೇಷ ತೊಟ್ಟು ಬಂದ ಬಗೆ ಇದು. (ಕನ್ನಡದ ಹಳೆಯ ಫಾಂಟ್‌ಗಳ ಸಂಕೇತಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲವೆಂಬುದನ್ನು ಇಲ್ಲಿ ಹೇಳಬಹುದು. ನಮ್ಮ ಹಳೆಯ ಕಡತಗಳ ಉದ್ಧಾರ ನಮ್ಮ ಕೈಯಲ್ಲಿಯೇ ಇದೆ.)

ಪ್ರಚಲಿತ ನಿರೂಪಣೆಗೆ ಮುಖ್ಯ ಆಧಾರ ೨೦೧೯ರಲ್ಲಿ ಮೊಜಿಲ್ಲಾ ಪ್ರಕಟಿಸಿದ ಒಂದು ಎಣಿಕೆ. ಹಳೆಯ ಶೈಲಿಭಾಗದ ಜೀವಮಾನದಲ್ಲಿ ಸಿಕ್ಕಿದ ೬೯ ಭದ್ರತಾದೋಷಗಳಲ್ಲಿ, ಮೊದಲಿನಿಂದಲೇ ರಸ್ಟ್‌ನಲ್ಲಿ ಬರೆದಿದ್ದರೆ ೫೧ ಸಂಭವಿಸುತ್ತಲೇ ಇರಲಿಲ್ಲವಂತೆ. ಎಣಿಕೆ ಪ್ರಾಮಾಣಿಕವಾದುದು; ಆದರೆ ‘ಹಾಗಾಗಿದ್ದರೆ’ ಎಂಬುದು ಚರಿತ್ರಕಾರನು ಜೋಕೆಯಿಂದ ಹಿಡಿಯಬೇಕಾದ ಕತ್ತಿ. ಹಳೆಯ ಕೋಡಿನಲ್ಲಿ ಕಂಡ ದೋಷಗಳನ್ನು ಅದು ಎಣಿಸುತ್ತದೆ. ಮತ್ತೆ ಬರೆಯುವಾಗ ಹೊಸದಾಗಿ ಹುಟ್ಟಬಹುದಾದುವನ್ನು ಎಣಿಸಲಾರದು. ಉಳಿದ ೧೮ರ ಮಾತೇನು? ಒಮ್ಮೆ ನೋಡಿದ ಕೊಂಡಿಯ ಬಣ್ಣ ಬದಲಾಗುವುದನ್ನು ಬಳಸಿಕೊಂಡು, ಓದುಗನು ಎಲ್ಲೆಲ್ಲಿಗೆ ಹೋಗಿದ್ದನೆಂಬುದನ್ನು ಪರರು ಪತ್ತೆಮಾಡಬಹುದಾಗಿತ್ತು. ೨೦೦೨ರಲ್ಲಿಯೇ ಮೊಜಿಲ್ಲಾದ ದೋಷಪಟ್ಟಿಗೆ ಸೇರಿದ ಈ ನ್ಯೂನತೆಗೆ ಪರಿಹಾರ ದೊರೆತದ್ದು ೨೦೧೦ರಲ್ಲಿ. ಅಲ್ಲಿ ಮೆಮೊರಿಯ ಎಲ್ಲೆಯನ್ನು ಯಾರೂ ಮೀರಿರಲಿಲ್ಲ. ಎಲ್ಲವೂ ನಿಯಮದಂತೆಯೇ ನಡೆದಿತ್ತು, ನಿಯಮವೇ ಸರಿಯಿರಲಿಲ್ಲ.

ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್ ೨೦೨೪ರಲ್ಲಿ ಹೊರಗೆಡಹಿದ ಅಂಕಿಗಳು ಇನ್ನಷ್ಟು ಬಲವಾದುವು. ಒಟ್ಟು ದೌರ್ಬಲ್ಯಗಳಲ್ಲಿ ಮೆಮೊರಿ ಸಂಬಂಧವಾದುವು ೨೦೧೯ರಲ್ಲಿ ನೂರಕ್ಕೆ ೭೬; ೨೦೨೪ರಲ್ಲಿ ೨೪. ಹಳೆಯ ಕೋಡನ್ನು ಅಳಿಸಿ ಬರೆದುದರಿಂದ ಬಂದ ಫಲವಲ್ಲ ಇದು. ಹೊಸದಾಗಿ ಬರೆಯುವುದನ್ನು ಮಾತ್ರ ಕ್ರಮಕ್ರಮವಾಗಿ ಸುರಕ್ಷಿತ ಭಾಷೆಗಳಿಗೆ ತಿರುಗಿಸಿದರು. ದೌರ್ಬಲ್ಯಗಳು ಬಹುಪಾಲು ಹೊಸ ಕೋಡಿನಲ್ಲಿರುತ್ತವೆ. ಐದು ವರ್ಷ ಹಳೆಯದಾದ ಕೋಡಿನಲ್ಲಿ ಅವುಗಳ ಸಾಂದ್ರತೆ ೩.೪ರಿಂದ ೭.೪ ಪಟ್ಟು ಕಡಮೆ ಎಂದು ಅವರ ಲೆಕ್ಕ. ಹಳೆಯದೆಲ್ಲ ಶಿಥಿಲವೆಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ. ಆದರೂ ಒಂದು ಮಾತು: ಕೋಡು ಬರಿಯ ವಯಸ್ಸಿನಿಂದ ಗಟ್ಟಿಯಾಗುವುದಿಲ್ಲ, ಬಳಸಿ, ತಪ್ಪು ಕಂಡು, ತಿದ್ದಿದ್ದರಿಂದ ಗಟ್ಟಿಯಾಗುತ್ತದೆ. ಯಾರೂ ತೆರೆದು ನೋಡದ ಹಳೆಯ ಕೋಡಿಗೆ ಈ ಲೆಕ್ಕವನ್ನು ಅನ್ವಯಿಸಿದರೆ ಮೋಸಹೋಗುತ್ತೇವೆ.

ತಿದ್ದುವವರು ಯಾರು ಎಂಬ ಪ್ರಶ್ನೆ ಹೀಗೆ ಮುಂದೆ ಬಂದು ನಿಲ್ಲುತ್ತದೆ. ಗಡಿಯ ಎರಡೂ ಬದಿಗಳನ್ನು ಬಲ್ಲವರು ಎಂದಿಗೂ ವಿರಳ. ಸ್ಟೈಲೊ ಹುಟ್ಟಿದ್ದು ‘ಸರ್ವೊ’ ಎಂಬ ಪ್ರಯೋಗಾತ್ಮಕ ಎಂಜಿನ್ನಿನಲ್ಲಿ. ೨೦೨೦ರ ಆಗಸ್ಟ್ ತಿಂಗಳಿನಲ್ಲಿ ಮೊಜಿಲ್ಲಾ ಸುಮಾರು ೨೫೦ ಮಂದಿಯನ್ನು ಕೆಲಸದಿಂದ ಬಿಡಿಸಿದಾಗ ಸರ್ವೊ ತಂಡವೂ ಅದರಲ್ಲಿ ಸೇರಿತ್ತು. ಅದೇ ನವೆಂಬರಿನಲ್ಲಿ ಸರ್ವೊ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಹೋಯಿತು. ಭಾಷೆಯ ಸುರಕ್ಷತೆಯನ್ನು ಕುರಿತು ಬರೆಯುವವರು ಈ ಸಂಗತಿಯನ್ನು ಅಡಿಟಿಪ್ಪಣಿಯಲ್ಲಿಯೂ ಕಾಣಿಸದಿರುವುದು ಸೋಜಿಗ. ಫೈರ್‌ಫಾಕ್ಸ್‌ನ ಕೋಡಿನಲ್ಲಿ ಸ್ಟೈಲೊ ಇರುವ ಕೋಶಕ್ಕೆ ಇಂದಿಗೂ ‘ಸರ್ವೊ’ ಎಂದೇ ಹೆಸರು. ಆದರೆ ಪ್ರವಾಹದ ದಿಕ್ಕು ತಿರುಗಿದೆ: ಈಗ ಸರ್ವೊ ತನ್ನ ಶೈಲಿಭಾಗವನ್ನು ಫೈರ್‌ಫಾಕ್ಸ್‌ನಿಂದಲೇ ಮರಳಿ ಪಡೆದುಕೊಳ್ಳುತ್ತಿದೆ.