ಅಷ್ಟೂರಿನಲ್ಲಿ ಒಂದೇ ಗುಮ್ಮಟ ನೋಡಿ

ಔರಾದ ಕಡೆಯಿಂದ ಜನವಾಡ ದಾಟಿ ಬೀದರಿಗೆ ಬರುವವರು ಕೋಟೆ ನೋಡುತ್ತಾರೆ, ಗವಾನರ ಮದರಸಾ ನೋಡುತ್ತಾರೆ, ನಾನಕ್ ಝೀರಾದಲ್ಲಿ ಲಂಗರ್ ಊಟ ಮಾಡಿ ಬಸ್ಸು ಹತ್ತುತ್ತಾರೆ. ಪೂರ್ವಕ್ಕೆ ಮೂರು ಕಿ.ಮೀ. ಹೋದರೆ ಸಿಗುವ ಅಷ್ಟೂರಿಗೆ ಹೋದವರೂ ಹೊಲದ ನಡುವಿನ ಗುಮ್ಮಟಗಳ ಸಾಲಿನ ಮುಂದೆ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗೆ ಇದು ಸಂಕಟ. ಬಹಮನಿ ಕಾಲದ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಆ ಸಾಲಿನ ಒಂದು ಗುಮ್ಮಟದ ಒಳಗಿದೆ.

ಅದು ಅಹ್ಮದ್ ಶಾಹ ವಲಿಯ ಗೋರಿ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ, 1436ರಲ್ಲಿ ತೀರಿಕೊಂಡ. ಹೊರಗೆ ದಪ್ಪ ಗೋಡೆ, ಒಳಗೆ ಗವ್ವೆನ್ನುವ ಕತ್ತಲು. ಅಲ್ಲಿಂದಲೇ ತಿರುಗಬೇಡಿ, ಕಣ್ಣು ಹೊಂದಿಕೊಳ್ಳುವ ತನಕ ನಿಲ್ಲಿ. ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸುವುದುಂಟು. ಬೆಳಕು ಗೋಡೆ ಹತ್ತುತ್ತ ಹೋದಂತೆ ಕೆಂಪು, ನೀಲಿ ಬಳ್ಳಿಗಳು ಬಿಚ್ಚಿಕೊಳ್ಳುತ್ತವೆ, ಅವುಗಳ ನಡುವೆ ಚಿನ್ನದ ಅಕ್ಷರ ಮಿನುಗುತ್ತದೆ. ಇರಾನಿನ ಕಿರ್ಮಾನಿನ ಸೂಫಿ ಶಾಹ ನಿಮತುಲ್ಲಾ ಅವರ ಪದ್ಯಗಳು ಅಲ್ಲಿವೆ, ಅವರ ಗುರುಪರಂಪರೆಯೂ ಇದೆ. ಮೋಡದ ದಿನ ಹೋಗಬೇಡಿ. ಮೊಬೈಲ್ ಟಾರ್ಚನ್ನೂ ಹಚ್ಚಬೇಡಿ. ಆ ಬಿಳಿ ಬೆಳಕಿಗೆ ಚಿನ್ನ ಕಳೆಗುಂದುತ್ತದೆ.

ಉರುಸು ನೋಡಬೇಕೆಂದರೆ ಹೋಳಿ ಕಳೆದ ಮೇಲೆ ಹೋಗಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಭಕ್ತರ ಸಂಗಡ ಬಂದು ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಮುಸಲ್ಮಾನರ ವಲಿ ಇಲ್ಲಿನ ಹಿಂದೂ ಭಕ್ತರಿಗೆ ಅಲ್ಲಮಪ್ರಭು. ಎರಡೂ ಕಡೆಯವರು ಒಂದೇ ಗೋರಿಗೆ ತಲೆಬಾಗುತ್ತಾರೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಅದೇ ಸಾಲಿನಲ್ಲಿ ‘ಜಾಲಿಮ್’ ಹುಮಾಯೂನನ ಗುಮ್ಮಟ ಸಿಡಿಲು ಬಡಿದು ಸೀಳಿದೆ. ಅಷ್ಟು ದೊಡ್ಡ ಗುಮ್ಮಟದ ದಪ್ಪ ಎಷ್ಟು, ಅದನ್ನು ಹೇಗೆ ಬಾಗಿಸಿ ಕಟ್ಟಿದ್ದಾರೆ ಎಂಬುದು ಸೀಳಿನಲ್ಲಿ ಕಾಣುತ್ತದೆ. ಅಲಾವುದ್ದೀನನ ಗೋರಿಯ ಹೊರಗೋಡೆಯಲ್ಲಿ ಬಣ್ಣದ ಹೆಂಚು ಅಲ್ಲಲ್ಲಿ ಉಳಿದಿದೆ. ಹೊತ್ತಿಲ್ಲದಿದ್ದರೆ ಉಳಿದವನ್ನು ಬಿಡಿ.

ಆದರೆ ವಾಪಸು ಬರುವಾಗ ಚೌಖಂಡಿ ಬಿಡಬೇಡಿ. ಗುಮ್ಮಟದೊಳಗೆ ಯಾರ ಪದ್ಯ ಇದೆಯೋ, ಅವರ ಮಗ ಖಲೀಲುಲ್ಲಾ ಮಲಗಿರುವುದು ಈ ಎಂಟು ಮೂಲೆಯ ಕಟ್ಟಡದಲ್ಲಿ. ತಂದೆಯನ್ನು ಸುಲ್ತಾನ ಬೀದರಿಗೆ ಕರೆದಿದ್ದ. ಅವರು ಬರಲಿಲ್ಲ, ಮಗ ಬಂದರು. ಮೆಟ್ಟಿಲು ಹತ್ತಿದರೆ ಕಪ್ಪು ಕಲ್ಲಿನ ಬಾಗಿಲು. ಶಿರಾಜಿನ ಮುಗೀಸ್ ಎಂಬಾತ ಬರೆದ ಅಕ್ಷರಗಳನ್ನು ಕಲ್ಲಿನಲ್ಲಿ ಎಷ್ಟು ನುಣುಪಾಗಿ ಕೊರೆದಿದ್ದಾರೆಂದರೆ ಲೇಖನಿ ಎಲ್ಲಿ ಒತ್ತಿದೆ, ಎಲ್ಲಿ ಸಡಿಲಿದೆ ಎಂಬುದೂ ತಿಳಿಯುತ್ತದೆ. ಇಲ್ಲಿ ಕನ್ನಡಿ ಬೇಕಿಲ್ಲ, ಹಗಲು ಯಾವ ಹೊತ್ತಿಗೆ ಹೋದರೂ ನಡೆದೀತು.