‘ವಂಶವಾಹಿ’ ಎಂಬ ಶಬ್ದದ ವಿಚಾರ

ಇಂಗ್ಲಿಷಿನ ‘ಜೀನ್’ ಎಂಬುದಕ್ಕೆ ಕನ್ನಡದಲ್ಲಿ ‘ವಂಶವಾಹಿ’ ಎಂಬ ಶಬ್ದವು ರೂಢವಾಗಿದೆ. ತಂದೆತಾಯಿಗಳ ಲಕ್ಷಣಗಳನ್ನು ಮಕ್ಕಳಿಗೆ ಒಯ್ಯುವುದೆಂಬ ಅರ್ಥದಲ್ಲಿ ಅದು ಸಮರ್ಪಕವೇ ಸರಿ. ಆದರೆ ದುಗ್ಧಗ್ರಂಥಿಗಳ ಅರ್ಬುದವನ್ನು ಗೊತ್ತುಮಾಡಲು ಈಗ ನಡೆಯುವ ಪ್ರತಿಕಾಯದ ಜೀನಿನ ಪರೀಕ್ಷೆಗೆ ಈ ಶಬ್ದವು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಪ್ರತಿಕಾಯದ ಜೀನು ಹುಟ್ಟಿನಿಂದ ಇಡಿಯಾಗಿ ಬಂದುದಲ್ಲವೆಂಬುದು ಹೊಜುಮಿ ಮತ್ತು ಟೊನೆಗಾವ ಎಂಬವರು 1976ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಸಿದ್ಧವಾಯಿತು. ‘ವಿ’, ‘ಡಿ’, ‘ಜೆ’ ಎಂಬ ತುಂಡುಗಳು ಮಾತ್ರ ಪಿತ್ರಾರ್ಜಿತ. ಅವುಗಳಲ್ಲಿ ಆಯ್ದು ಕೂಡಿಸುವ ಕಾರ್ಯವನ್ನು ಪ್ರತಿಯೊಂದು ‘ಬಿ’ ಜೀವಕೋಶವೂ ತಾನೇ ಮಾಡಿಕೊಳ್ಳುತ್ತದೆ. ಕೂಡುವೆಡೆಯಲ್ಲಿ ಕೆಲವು ಅಕ್ಷರಗಳು ಬಿಟ್ಟುಹೋಗುತ್ತವೆ, ಕೆಲವು ಹೊಸದಾಗಿ ಬರುತ್ತವೆ. ತರುವಾಯ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುವುದೂ ಉಂಟು. ನಮ್ಮ ವೈಯಾಕರಣರು ಹೇಳುವ ಲೋಪ, ಆಗಮ, ಆದೇಶಗಳಂತೆಯೇ ಇವು. ಆದುದರಿಂದ ಈ ಕೂಟವನ್ನು ‘ಸಂಧಿ’ಯೆನ್ನುವುದು ಯುಕ್ತವಾಗಿದೆ.

ಹಲವು ಓಲೆಪ್ರತಿಗಳಲ್ಲಿ ಒಂದೇ ವಿಲಕ್ಷಣವಾದ ಸ್ಖಾಲಿತ್ಯವು ಕಂಡರೆ ಅವುಗಳ ಮಾತೃಪ್ರತಿ ಒಂದೇ ಎಂದು ಗ್ರಂಥಸಂಪಾದಕರು ಊಹಿಸುವರಷ್ಟೆ. ಅಂತೆಯೇ ಬಹುಸಂಖ್ಯೆಯ ಕೋಶಗಳಲ್ಲಿ ಒಂದೇ ಸಂಧಿಯು ಕಂಡರೆ ಅವೆಲ್ಲವೂ ಒಂದು ಕೋಶದ ಸಂತತಿಯೆಂದು ವೈದ್ಯರು ತಿಳಿಯುತ್ತಾರೆ. ಇಷ್ಟರಿಂದಲೇ ಅರ್ಬುದವೆಂದು ನಿರ್ಣಯಿಸಲಾಗದು. ನಿರಪಾಯವಾದ ಸ್ಥಿತಿಗಳಲ್ಲಿಯೂ ಇಂತಹ ಸಂತತಿ ಕಾಣುವುದುಂಟು. ಗ್ರಂಥಿಯ ತುಣುಕಿನ ಪರೀಕ್ಷೆಯನ್ನೂ ರೋಗಲಕ್ಷಣಗಳನ್ನೂ ಕೂಡಿಸಿ ನೋಡಬೇಕು.

ಶಬ್ದದ ದೋಷವು ಇಲ್ಲಿ ಕೇವಲ ಪಂಡಿತರ ಚರ್ಚೆಯಲ್ಲ. ಬೆಂಗಳೂರಿನ ದಂಡುಪ್ರದೇಶ, ಸರ್ವಜ್ಞನಗರಗಳಂತಹ ಕಡೆ ಕನ್ನಡ, ತಮಿಳು, ತೆಲುಗು, ಉರ್ದು ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ; ವರದಿಯಾದರೋ ಇಂಗ್ಲಿಷಿನದು. ಅದನ್ನು ಮನೆಯವರಿಗೆ ‘ವಂಶವಾಹಿಯ ದೋಷ’ವೆಂದು ಬಿಡಿಸಿ ಹೇಳಿದರೆ, ಮಕ್ಕಳಿಗೂ ಇದು ಬಂದೀತು, ಮಗಳ ವಿವಾಹಕ್ಕೆ ವಿಘ್ನವಾದೀತು ಎಂಬ ಭೀತಿ ಹುಟ್ಟುವುದು ಸಹಜ. ಈ ಸಂಧಿಯು ಮಕ್ಕಳಿಗೆ ಇಳಿಯತಕ್ಕುದಲ್ಲ. ಕೆಲವು ಕುಟುಂಬಗಳಲ್ಲಿ ಇಂತಹ ರೋಗಗಳ ಸಂಭವವು ಕೊಂಚ ಹೆಚ್ಚೆಂಬುದು ನಿಜ. ಅದನ್ನು ತಿಳಿಸುವ ಪರೀಕ್ಷೆ ಮಾತ್ರ ಇದಲ್ಲ.

ಕೋಶಗಳಲ್ಲಿಯೂ ವಂಶವುಂಟಲ್ಲವೆ ಎಂದು ಆಕ್ಷೇಪಿಸಬಹುದು. ಉಂಟು, ಅದು ಕೋಶವಂಶವೇ ಹೊರತು ಕುಲವಂಶವಲ್ಲ. ಈ ಭೇದವನ್ನು ‘ವಂಶವಾಹಿ’ಯು ಮರೆಸುತ್ತದೆ. ಆದುದರಿಂದ ‘ಜೀನು’ ಎಂಬುದನ್ನೇ ಉಳಿಸಿಕೊಂಡು ‘ಪ್ರತಿಕಾಯದ ಜೀನಿನ ಸಂಧಿಪರೀಕ್ಷೆ’ ಎನ್ನುವುದು ಲೇಸು. ಕುದುರೆಯ ಜೀನೆಂಬ ಭ್ರಾಂತಿಯು ಬಾರದಂತೆ ಪ್ರಕರಣವೇ ಕಾಯುತ್ತದೆ.