ಕಾರ್ಪೇಥಿಯಾದ ಕಪ್ತಾನ

1912ನೆಯ ಇಸವಿಯ ಏಪ್ರಿಲ್ 15ರ ಬೆಳಗಿನ ಜಾವ ಅಟ್ಲಾಂಟಿಕ್ ಸಾಗರದಲ್ಲಿ ಟೈಟಾನಿಕ್ ಮುಳುಗಿದ ವೃತ್ತಾಂತವನ್ನು ಓದುವವರು, ನೌಕೆಯೊಡನೆಯೇ ಜಲಸಮಾಧಿ ಹೊಂದಿದ ಕಪ್ತಾನ ಎಡ್ವರ್ಡ್ ಸ್ಮಿತ್‌ನಿಗೆ ತಲೆಬಾಗುತ್ತಾರೆ. ಆ ಮರಣದ ಗಾಂಭೀರ್ಯವನ್ನು ನಾನು ಅಲ್ಲಗಳೆಯೆನು. ಆದರೂ ಕಪ್ತಾನನ ಯೋಗ್ಯತೆಯನ್ನು ಅಳೆಯುವಾಗ ಆತನು ಹೇಗೆ ಸತ್ತನೆಂಬುದಕ್ಕಿಂತ, ಸಾವು ಇನ್ನೂ ದೂರವಿದ್ದಾಗ ಆತನು ಕೊಟ್ಟ ಅಪ್ಪಣೆಗಳೇ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಮಗಡ್ಡೆಗಳ ಮುನ್ಸೂಚನೆ ನಿಸ್ತಂತುವಿನ ಮೂಲಕ ಮೇಲಿಂದ ಮೇಲೆ ಬಂದಿದ್ದಾಗ್ಯೂ, ಚಂದ್ರನಿಲ್ಲದ ಆ ರಾತ್ರಿಯಲ್ಲಿ ಸ್ಮಿತ್‌ನ ಹಡಗು 20 ನಾಟ್‌ಗೂ ಮಿಕ್ಕ ವೇಗದಿಂದ ಧಾವಿಸುತ್ತಿತ್ತು. ಸುಮಾರು 2200 ಮಂದಿಯಿದ್ದ ನೌಕೆಯಲ್ಲಿ 1178 ಮಂದಿಗೆ ಸಾಲುವಷ್ಟೇ ದೋಣಿಗಳಿದ್ದುವು. ಅವುಗಳಲ್ಲಿಯೂ ಕೆಲವು ಅರೆಬರೆ ತುಂಬಿಯೇ ನೀರಿಗಿಳಿದುವು. ದೋಣಿಗಳ ಕೊರತೆ ಅಂದಿನ ಕಾನೂನಿನ ದೋಷ. ಅರೆತುಂಬಿದ ದೋಣಿಗಳ ಹೊಣೆಯನ್ನು ಮಾತ್ರ ಕಪ್ತಾನನ ಹೆಗಲಿನಿಂದ ಇಳಿಸಲು ಬಾರದು. ಬ್ರಿಟನ್ನಿನಲ್ಲಿ ವಿಚಾರಣೆ ನಡೆಸಿದ ಲಾರ್ಡ್ ಮರ್ಸಿಯು, ಎಲ್ಲ ಕಪ್ತಾನರೂ ಹಾಗೆಯೇ ವೇಗವಾಗಿ ಸಾಗುತ್ತಿದ್ದರಾದುದರಿಂದ ಸ್ಮಿತ್‌ನ ಆ ವೇಗವನ್ನು ಕರ್ತವ್ಯಲೋಪವೆನ್ನಲಾಗದೆಂದೂ, ಇನ್ನು ಮುಂದೆ ಹೀಗೆ ಮಾಡಿದರೆ ನಿಸ್ಸಂದೇಹವಾಗಿ ಕರ್ತವ್ಯಲೋಪವೇ ಆಗುವುದೆಂದೂ ನಿರ್ಣಯಿಸಿದನು. ಈ ತರ್ಕಕ್ಕೆ ನನ್ನ ಮನಸ್ಸು ಒಗ್ಗದು. ಸಾವಿರಾರು ಪ್ರಾಣಗಳನ್ನು ವಹಿಸಿಕೊಂಡವನಿಗೆ ಇತರರ ಅಜಾಗರೂಕತೆ ಹೇಗೆ ತಾನೆ ಪ್ರಮಾಣವಾದೀತು?

ಅದೇ ರಾತ್ರಿ ಕಾರ್ಪೇಥಿಯಾ ಎಂಬ ಹಡಗಿನ ಕಪ್ತಾನ ಆರ್ಥರ್ ರಾಸ್ಟ್ರನ್ ನಡೆದುಕೊಂಡ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟೈಟಾನಿಕ್ಕಿನ ಮೊರೆಯನ್ನು ನಿಸ್ತಂತು ಕೆಲಸದ ಕಾಟಮ್ ಬಂದು ತಿಳಿಸಿದೊಡನೆ, ಸುದ್ದಿ ಖಚಿತವೇ ಎಂದು ವಿಚಾರಿಸುವುದಕ್ಕೂ ಮುನ್ನವೇ ಹಡಗನ್ನು ತಿರುಗಿಸಲು ಅಪ್ಪಣೆಯಿತ್ತ ಆತನು, ತನ್ನ ಗಣನೆಯ 58 ಮೈಲಿಗಳ ಆ ಹಾದಿಯಲ್ಲಿ ಒಂದು ಕ್ಷಣವನ್ನೂ ಬರಿದಾಗಿ ಕಳೆಯಗೊಡಲಿಲ್ಲ. ಪ್ರಯಾಣಿಕರ ಕೋಣೆಗಳನ್ನು ಬೆಚ್ಚಗಿಡುವ ಆವಿಯನ್ನೂ ಯಂತ್ರಗಳಿಗೆ ತಿರುಗಿಸಿದನು. ಕಾವಲಿಗೆ ಹೆಚ್ಚಿನ ಜನರನ್ನಿಟ್ಟನು. ಇಂಗ್ಲಿಷ್, ಇಟಾಲಿಯನ್, ಹಂಗೇರಿಯನ್ ವೈದ್ಯರು ಮೂವರಿಗೂ ಒಂದೊಂದು ತರಗತಿಯ ಭೋಜನಶಾಲೆಯನ್ನು ಒಪ್ಪಿಸಿದನು. ಕಂಬಳಿ, ಕಾಫಿ, ಬಿಸಿ ಸಾರು ಅಣಿಯಾದುವು. ಏಣಿಯನ್ನೇರಲಾರದ ಮಕ್ಕಳನ್ನು ಮೇಲೆತ್ತಲು ಕ್ಯಾನ್ವಾಸ್ ಚೀಲಗಳನ್ನು ಕೂಡ ಮರೆಯಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಆ ಸ್ಥಳವನ್ನು ಸೇರಿ ಏಳುನೂರಕ್ಕೂ ಮಿಕ್ಕ ಜನರನ್ನು ಉಳಿಸಿಕೊಂಡನು. ಆ ಅಪ್ಪಣೆಗಳ ಪಟ್ಟಿಯಲ್ಲಿ ವೀರಾವೇಶದ ಒಂದು ಸೊಲ್ಲೂ ಇಲ್ಲ; ಇನ್ನೂ ಕಾಣದ ಜನರು ಯಾವ ಸ್ಥಿತಿಯಲ್ಲಿ ಬಂದಾರೆಂಬುದನ್ನು ಮನಸ್ಸಿನಲ್ಲಿಯೇ ಕಂಡುಕೊಂಡ ಕಾರುಣ್ಯವಿದೆ. ಆ ಚೀಲಗಳನ್ನು ನೆನೆದಾಗಲೆಲ್ಲ ಈ ಮನುಷ್ಯನ ವಿಷಯದಲ್ಲಿ ನನ್ನ ಗೌರವ ಇಮ್ಮಡಿಯಾಗುತ್ತದೆ.

ಆದರೆ ರಾಸ್ಟ್ರನ್ ಕೂಡ ಕತ್ತಲೆಯಲ್ಲಿ, ಹಿಮಗಡ್ಡೆಗಳ ನಡುವೆ, ಪೂರ್ಣವೇಗದಿಂದಲೇ ಹೋದನಲ್ಲವೆ? ಹೌದು, ಅಷ್ಟೊಂದು ಹಿಮವಿರುವುದು ಮೊದಲೇ ತಿಳಿದಿದ್ದರೆ ಹಾಗೆ ಹೋಗುತ್ತಿರಲಿಲ್ಲವೆಂದು ಅಮೆರಿಕದ ಸೆನೆಟ್ಟಿನ ವಿಚಾರಣೆಯಲ್ಲಿ ಆತನೇ ಒಪ್ಪಿಕೊಂಡನು. ತನ್ನನ್ನು ನಂಬಿದ ಪ್ರಯಾಣಿಕರನ್ನೂ ಆತನು ಅಪಾಯಕ್ಕೊಡ್ಡಿದನೆಂಬುದನ್ನು ಮುಚ್ಚಿಡಲಾಗದು. ಆದರೂ ಸ್ಮಿತ್‌ನ ವೇಗಕ್ಕೆ ರೂಢಿಯೊಂದೇ ಆಧಾರ. ಇವನ ವೇಗಕ್ಕೆ ಸಾಯುತ್ತಿರುವವರ ಕರೆಯಿತ್ತು, ಇಮ್ಮಡಿಯಾದ ಕಾವಲಿತ್ತು. ಟೈಟಾನಿಕ್ಕಿಗೆ ಇನ್ನೂ ಸಮೀಪದಲ್ಲಿ, ಹಿಮಕ್ಕೆ ಅಂಜಿ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಅಧಿಕಾರಿಗಳು ಆಕಾಶದಲ್ಲಿ ರಾಕೆಟ್ಟುಗಳನ್ನು ಕಂಡರು, ಲಾರ್ಡ್ ಎಂಬ ಹೆಸರಿನ ತಮ್ಮ ಕಪ್ತಾನನಿಗೆ ತಿಳಿಸಿದರು. ಬೆಳಗಾಗುವವರೆಗೂ ನಿಸ್ತಂತು ಯಂತ್ರದವನನ್ನು ಯಾರೂ ಎಬ್ಬಿಸಲಿಲ್ಲ. ನಿಲ್ಲುವ ವಿವೇಕವಿದ್ದ ಆ ಹಡಗಿನಲ್ಲಿ ವಿಚಾರಿಸುವ ಕಳಕಳಿಯಿರಲಿಲ್ಲ. ಅದನ್ನು ಕ್ಷಮಿಸುವುದು ನನಗೆ ಕಷ್ಟ.

ಈ ದುರಂತದ ತರುವಾಯ, 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಡಂಬಡಿಕೆಯು, ಮಾರ್ಗದಲ್ಲಿ ಹಿಮವಿದೆಯೆಂಬ ಸುದ್ದಿ ಬಂದಾಗ ರಾತ್ರಿವೇಳೆ ಮಿತವೇಗದಿಂದ ಸಾಗಬೇಕು, ಇಲ್ಲವೆ ದಾರಿಯನ್ನು ಬದಲಿಸಬೇಕು ಎಂದು ಕಪ್ತಾನರಿಗೆ ವಿಧಿಸಿತು. ಆ ಒಡಂಬಡಿಕೆಯನ್ನು ರೂಪಿಸಿದ ಸಮ್ಮೇಳನದ ಅಧ್ಯಕ್ಷಪೀಠದಲ್ಲಿದ್ದವನು ಅದೇ ಲಾರ್ಡ್ ಮರ್ಸಿ.